ವಿನ್ನಿ ನಿಂತಲ್ಲೇ ಕ್ಯೂ

ಕೋಲ್ಡ್‌ಥಾರ್ಪ್ ಊರಲ್ಲಿ ಅಗ್ಗದ ಮನೆ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಜನ ಬಾಯಿ ಬಿಡುವುದಿಲ್ಲ, ಗದ್ದ ಎತ್ತಿ ಗುಡ್ಡ ತೋರಿಸುತ್ತಾರೆ. ಕೆಳಗೆ ಸಂತೆಚೌಕ, ಚರ್ಚು, ಚಹಾದಂಗಡಿ, ಹಿಂದೆ ಬ್ಯಾಂಕು ಇದ್ದ ಜಾಗ. ಮೇಲೆ ಇಟ್ಟಿಗೆಗೂಡಿನ ಓಣಿ. ನಡುವಿನ ಏರು ಎಂಥದ್ದೆಂದರೆ, ಓಣಿಯ ತುದಿಯಲ್ಲಿ ನಿಮ್ಮ ಚೀಲದಿಂದ ಒಂದು ಕಿತ್ತಳೆ ಜಾರಿ ಬಿದ್ದರೆ, ನೀವು ಇಳಿದು ಹೋಗಿ ಹುಡುಕುವಷ್ಟರಲ್ಲಿ ಚೌಕದ ಹಣ್ಣಿನವನು ಅದನ್ನು ಒರೆಸಿ ನಿಮಗೇ ಮಾರಲು ಇಟ್ಟಿರುತ್ತಾನೆ.

ವಿನಿಫ್ರೆಡ್ ಓಡ್ಲಿಂಗ್ ಮದುವೆಯಾಗಿ ಆ ಏರು ಹತ್ತಿದವಳು, ಇಳಿಯುವ ಮಾತೇ ಆಡಲಿಲ್ಲ. ಓಣಿಯವರ ಬಾಯಲ್ಲಿ ಅವಳು ವಿನ್ನಿ. ಗಂಡ ಹೋರೇಸ್ ಸಕ್ಕರೆ ಕಾರ್ಖಾನೆಯಲ್ಲಿದ್ದ, ತೀರಿಕೊಂಡು ಬಹಳ ಕಾಲವಾಯಿತು. ಅವಳು ಊರ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದಳು. ಈಗ ತಾವೇ ಅಜ್ಜಂದಿರಾದವರು ಕೂಡ ದಾರಿಯಲ್ಲಿ ಅವಳನ್ನು ಕಂಡರೆ ಕೈ ಹಿಂದೆ ಕಟ್ಟಿಕೊಂಡು, ಕ್ಯಾರೆಟ್ ಪೂರ್ತಿ ತಿಂದೆ ಎಂದು ಸುಳ್ಳು ಹೇಳುವುದುಂಟು.

ಅಗ್ಗದ ಮನೆ ಎಂದ ಮೇಲೆ ಅಗ್ಗದ ಗೋಡೆ. ಪಕ್ಕದ ಮನೆಯ ಮ್ಯಾವಿಸ್ ಗಾಂಟ್ ತನ್ನ ಸಾರಿಗೆ ಉಪ್ಪು ಹೆಚ್ಚು ಹಾಕಿದರೆ ವಿನ್ನಿಗೆ ಬಾಯಾರುತ್ತಿತ್ತು. ಗಾಳಿಯಂತೂ ಸಮುದ್ರದಿಂದ ನೇರ ಹೊರಟು ಈ ಓಣಿಗೇ ಬಂದು ತಲುಪುವುದು. ಒಂದು ಮಾರ್ಚಿನಲ್ಲಿ ಹಗ್ಗದ ಮೇಲಿದ್ದ ಹೋರೇಸನ ಬನಿಯನ್ ಹಾರಿ ಹಾಲೆಂಡ್ ಸೇರಿತಂತೆ. ಅಲ್ಲಿಯವರು ಪಾಪ, ತೇಪೆ ಹಾಕಿ ಇಸ್ತ್ರಿ ಮಾಡಿ ವಾಪಸು ಕಳಿಸಿದರಂತೆ. ಆದರೂ ವಿನ್ನಿಗೆ ಓಣಿ ಅಂದರೆ ಪ್ರಾಣ. ಹಿತ್ತಲಲ್ಲಿ ನಾಲ್ಕು ಸಾಲು ಬೀನ್ಸು, ಕಿಟಕಿಯಿಂದ ಕಣ್ಣು ಚಾಚಿದಷ್ಟೂ ಗೋಧಿ ಹೊಲ. ಇಂಥ ನೋಟಕ್ಕೆ ಕೆಳಗಿನವರು ಲಕ್ಷಾಂತರ ಪೌಂಡ್ ಕೊಡುತ್ತಾರೆ, ನಮಗೆ ಬಾಡಿಗೆ ಜೊತೆ ಪುಕ್ಕಟೆ ಎನ್ನುತ್ತಿದ್ದಳು.

ಈಚೆಗೆ ಸೊಂಟ ಕೈಕೊಟ್ಟಿತು. ಅದೇ ಹೊತ್ತಿಗೆ ಬಸ್ಸೂ ಕೈಕೊಟ್ಟಿತು. ಉಳಿದದ್ದು ಬುಧವಾರದ ಮೀನಿನ ಗಾಡಿ ಒಂದೇ. ಅದು ಲೈಟುಕಂಬದ ಬಳಿ ಬಂದು ಹಾರ್ನ್ ಹೊಡೆದಾಗಲೇ ಓಣಿಯ ಬಾಗಿಲುಗಳು ತೆರೆಯುತ್ತಿದ್ದದ್ದು, ಮನುಷ್ಯರ ಮುಖ ಕಾಣುತ್ತಿದ್ದದ್ದು. ಬರಬರುತ್ತಾ ಅದಕ್ಕೂ ಬಾಗಿಲು ತೆರೆಯದಾದವು. ಜನ ವಾರಕ್ಕೊಮ್ಮೆ ಕಾರಿನಲ್ಲಿ ದೊಡ್ಡ ಅಂಗಡಿಗೆ ಹೋಗಿ, ಮೀನು ಎಂದರೆ ಚೌಕಾಕಾರದ ಪ್ರಾಣಿ ಎಂದು ನಂಬಿ, ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿದ್ದನ್ನು ತರತೊಡಗಿದ್ದರು.

ಅಕ್ಟೋಬರಿನ ಒಂದು ಬುಧವಾರ ಗಾಡಿಯ ಲೆನ್ ಬ್ಲೇಡ್ಸ್ ಮೀನು ಕಟ್ಟಿಕೊಡುತ್ತಾ ಹೇಳಿಬಿಟ್ಟ. ಆ ಸೀಮೆಯಲ್ಲಿ ಮೀನಿನವನಿಂದ ಪಾದ್ರಿಯವರೆಗೆ ಎಲ್ಲರೂ ಎಲ್ಲರನ್ನೂ ಪ್ರೀತಿಯಿಂದ ಕರೆಯುವುದು ಬಾತು, ಅಂದರೆ ಬಾತುಕೋಳಿ, ಎಂದೇ.

"ನನ್ ಬಾತೇ, ಬೇಜಾರ್ ಮಾಡ್ಕೋಬೇಡ. ಮುಂದಿನ ವಾರವೇ ಕಡೇದು. ಈ ಏರಿಗೆ ನನ್ ಗಾಡಿ ಕುಡಿಯೋ ಎಣ್ಣೇಲಿ ತಿಮಿಂಗಿಲ ಈಜಾಡಬಹುದು. ಕೊಳ್ಳೋರು ಯಾರು? ನೀನೊಬ್ಳು, ನಿನ್ ಬೆಕ್ಕೊಂದು."

"ಬೆಕ್ಕು ಸತ್ತು ಎರಡು ವರ್ಷ ಆಯ್ತು ಕಣೋ."

"ನೋಡು ಮತ್ತೆ, ಗಿರಾಕಿ ಅರ್ಧಕ್ಕರ್ಧ ಇಳಿದೋಯ್ತು."

"ಜನ ಬಂದ್ರೆ?"

"ಬಂದ್ರೆ ನಾನ್ಯಾಕ್ ಬಿಡ್ಲಿ? ಎಲ್ಲಿದಾರೆ ತೋರ್ಸು."

ವಿನ್ನಿ ಮನೆಗೆ ಬಂದು ಕೂತಳು. ಗಾಡಿ ನಿಂತಿತೋ, ಅವಳ ಅಕ್ಕನ ಮಗಳಿಗೆ ಅಷ್ಟು ಸಾಕು. ಚೌಕದ ಹಿಂದೆ ಮುದುಕರಿಗೆಂದೇ ಕಟ್ಟಿದ ಕೋಣೆಗಳಿವೆ, ಬೆನ್ನಿಗೆ ಗುಡ್ಡ, ಮುಂದೆ ಔಷಧಿ ಅಂಗಡಿ. ಬಾ ಚಿಕ್ಕಮ್ಮ, ಇನ್ನು ಮೇಲೇನಿದೆ ನಿನಗೆ ಎಂದು ಅವಳು ವರ್ಷದಿಂದ ಕೇಳುತ್ತಿದ್ದಳು. ಇಲ್ಲಿಯವರೆಗೆ ವಿನ್ನಿ ಕೊಟ್ಟ ಉತ್ತರ ಒಂದೇ: ಬುಧವಾರ ಇದೆ.

ನೆರೆಯವರನ್ನು ಕರೆದರಾಯಿತಲ್ಲ ಎಂದು ನೀವು ಕೇಳಬಹುದು. ಆ ಓಣಿಯಲ್ಲಿ ಇನ್ನೊಬ್ಬರಿಗೆ ತೊಂದರೆ ಕೊಡುವುದಕ್ಕಿಂತ ಸದ್ದಿಲ್ಲದೆ ಸಾಯುವುದು ಮರ್ಯಾದಸ್ಥರ ಲಕ್ಷಣ. ಆದರೂ ವಿನ್ನಿ ಧೈರ್ಯ ಮಾಡಿ ಮ್ಯಾವಿಸಳ ಬಾಗಿಲು ತಟ್ಟಿದಳು. ಇವತ್ತಿನ ಮಳೆಯ ವಿಚಾರ ಮಾತಾಡಿದರು. ನಾಳೆಯ ಮಳೆಯ ವಿಚಾರ ಮಾತಾಡಿದರು. ಹೋದ ವರ್ಷ ಬರುತ್ತೇನೆಂದು ಬರದೇ ಹೋದ ಮಳೆಯನ್ನೂ ಬಿಡಲಿಲ್ಲ. ಎರಡು ಕಪ್ ಚಹಾ ಕುಡಿದು ವಿನ್ನಿ ಮೀನಿನ ಮಾತೆತ್ತದೆ ಎದ್ದು ಬಂದಳು. ಮೂರು ಮನೆಗೆ ಹೀಗೇ ಹೋಗಿ, ಹೊಟ್ಟೆ ತುಂಬ ಚಹಾ ತುಂಬಿಕೊಂಡು ಬಂದಳೇ ಹೊರತು ಒಬ್ಬರನ್ನೂ ಕರೆಯಲಿಲ್ಲ.

ಬುಧವಾರ ಬಂತು. ಕಡೆಯ ಗಾಡಿಗೆ ತಡವಾಗಬಾರದೆಂದು ವಿನ್ನಿ ಒಂದು ಗಂಟೆ ಮುಂಚೆಯೇ ಕೋಟು ತೊಟ್ಟು, ತಲೆಗೆ ವಸ್ತ್ರ ಕಟ್ಟಿ, ಚೀಲ ಹಿಡಿದು ಲೈಟುಕಂಬದ ಬಳಿ ನಿಂತಳು.

ಎದುರುಮನೆಯ ಕ್ಲೈವ್ ಪಿಂಚ್‌ಬೆಕ್ ಕಾಗದ ಹಾಕಲು ಟಪಾಲು ಡಬ್ಬಿಗೆ ಬಂದ. ನಲವತ್ತು ವರ್ಷ ಜನರಿಗೆ ಕಾರು ಕಲಿಸಿದವನು, ರಸ್ತೆ ದಾಟುವಾಗ ಇಂದಿಗೂ ಕೈ ತೋರಿಸಿಯೇ ತಿರುಗುವವನು. ವಿನ್ನಿಯನ್ನು ನೋಡಿದ. ಕೈಯಲ್ಲಿ ಚೀಲ, ಮುಖ ನೇರ, ಕಾಲು ಕದಲುತ್ತಿಲ್ಲ. ಆ ಜನಕ್ಕೆ ಒಬ್ಬರು ನಿಂತರೆ ಅನುಮಾನ, ಇಬ್ಬರು ನಿಂತರೆ ಕ್ಯೂ, ಮೂವರು ನಿಂತರೆ ಹಕ್ಕು. ಕ್ಲೈವ್ ಎರಡು ಹೆಜ್ಜೆ ಅಂತರ ಬಿಟ್ಟು ಅವಳ ಹಿಂದೆ ನಿಂತ.

"ಚಳಿ ಅಲ್ವಾ ವಿನ್ನಿ?"

"ಚಳೀನೇ, ಕ್ಲೈವ್."

"ತುಂಬಾ ಹೊತ್ತಾಯ್ತಾ?"

"ಸ್ವಲ್ಪ."

ಯಾತಕ್ಕೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲದೆ ನಿಂತಂತಾಗುತ್ತದೆ. ಕಿಟಕಿಯಿಂದ ಇಬ್ಬರನ್ನೂ ಕಂಡ ಮ್ಯಾವಿಸ್ ಒಲೆ ಆರಿಸಿ, ಮನೆಚಪ್ಪಲಿಯಲ್ಲೇ ಓಡಿ ಬಂದು ಮೂರನೆಯವಳಾದಳು. ಆಮೇಲೆ ತಡೆಯುವವರಾರು? ನಾಯಿ ತಿರುಗಿಸಲು ಹೊರಟವರು ನಾಯಿ ಸಮೇತ ನಿಂತರು. ಮೇಲಿನ ತಿರುವಿನ ಮನೆಗಳಿಂದಲೂ ಬಂದರು. ಸಾಲಿನ ಬಾಲ ಎಷ್ಟು ಉದ್ದವಾಯಿತೆಂದರೆ, ತಲೆಯಲ್ಲಿ ಬಿಸಿಲಿದ್ದಾಗ ಬಾಲದಲ್ಲಿ ಜಿನುಗುತ್ತಿತ್ತು.

"ಮನೆಮನೆಗೂ ಪುಕ್ಕಟೆ ಹೊಸ ಕಿಟಕಿ ಹಾಕ್ಸಿಕೊಡ್ತಾರಂತೆ," ಬಾಲದಿಂದ ಸುದ್ದಿ ಬಂತು.

"ಯಾರಂದ್ರು?"

"ಮುಂದಿನೋರು."

ಮುಂದಿನವಳಾದ ವಿನ್ನಿಗೆ ಬೆನ್ನ ಹಿಂದಿನ ಗುಸುಗುಸು ಕೇಳುತ್ತಿತ್ತು, ಆದರೆ ಅವಳು ತಿರುಗಿ ನೋಡಲಿಲ್ಲ. ಸುಮ್ಮನಿದ್ದರೆ ಲೆನ್ ಬರುವವರೆಗೆ ಜನ ಉಳಿಯುತ್ತಾರೆ. ಬಾಯಿ ಬಿಟ್ಟರೆ?

ಅಷ್ಟರಲ್ಲಿ ರಾಸಾ ಬಂದಳು. ಲಿಥುವೇನಿಯಾದ ಹೆಣ್ಣುಮಗಳು, ಹೂಕೋಸು ಕಟ್ಟುವ ಶೆಡ್ಡಿನಲ್ಲಿ ರಾತ್ರಿಪಾಳಿ, ಓಣಿಗೆ ಬಂದು ಇನ್ನೂ ಒಂದು ಚಳಿಗಾಲ ಕಂಡಿಲ್ಲ. ರೀತಿನೀತಿ ತಿಳಿಯದ ಪಾಪದವಳು, ಗಟ್ಟಿಯಾಗಿ ಕೇಳಿಯೇಬಿಟ್ಟಳು.

"ಯಾತಕ್ಕೆ ನಿಂತಿದೀರಿ ಎಲ್ಲಾ?"

ಓಣಿಯ ಗಾಳಿ ಕೂಡ ನಿಂತಿತು. ಹಿಂದೆ ಅದು ಹಾಗೆ ನಿಂತದ್ದು ರಾಣಿಯ ಪಟ್ಟಾಭಿಷೇಕದ ದಿನ. "ಮುಂದೆ ಕೇಳಮ್ಮ," ಎಂದರು ಬಾಲದವರು. ಬೆಂಕಿಗೆ ನೀರು ಸಾಗಿಸುವವರ ಹಾಗೆ ಪ್ರಶ್ನೆಯನ್ನು ಕೈಯಿಂದ ಕೈಗೆ ದಾಟಿಸಿ ಕ್ಲೈವನವರೆಗೆ ತಂದರು. ಅವನು ಕೆಮ್ಮಿದ.

"ನಂಗೆ ಗೊತ್ತು. ಆದ್ರೂ ವಿನ್ನಿ, ನೀನೇ ಹೇಳಿದ್ರೆ ಚೆಂದ."

ಹೊಸ ಕಿಟಕಿಗೆ ಎಂದು ಹೇಳಲು ನಾಲಿಗೆ ತುದಿಯವರೆಗೆ ಬಂತು. ವಿನ್ನಿ ಅದನ್ನು ನುಂಗಿ ತಿರುಗಿ ನಿಂತಳು.

"ಮೀನಿಗೆ," ಎಂದಳು. "ಲೆನ್ ಗಾಡಿ ಇವತ್ತೇ ಕಡೇದು. ಯಾರೂ ಕೊಳ್ಳಲ್ಲ ಅಂತ ಇನ್ಮೇಲೆ ಹತ್ತಿ ಬರಲ್ವಂತೆ. ಅದು ನಿಂತ್ರೆ ನಾನೂ ಕೆಳಗಿಳೀಬೇಕಾಗುತ್ತೆ ಅನ್ಸುತ್ತೆ. ನಿಮ್ಮನ್ನ ಕರಿಯೋಣ ಅಂತ ಮನೆಮನೆಗೆ ಬಂದೆ, ಬಾಯಿ ಬರ್ಲಿಲ್ಲ. ಹೋಗೋರು ಹೋಗಿ, ಬೇಜಾರಿಲ್ಲ."

ಯಾರದೋ ಕಾಲು ಮಿಸುಕಿತು. ಕ್ಲೈವ್ ಕಾಲರು ಸರಿಮಾಡಿಕೊಂಡ.

"ಹೋಗೋದೇನ್ ಬಂತು? ನಾನೂ ಮೀನಿಗೇ ಬಂದಿದ್ದು."

"ಮೀನು ಮುಟ್ಟಿದ್ರೆ ನಿನ್ ಮುಖ ಕುಂಬಳಕಾಯಿ ಥರ ಊದ್ಕೊಳುತ್ತಲ್ಲೋ!" ಎಂದಳು ಮ್ಯಾವಿಸ್.

"ನಮ್ಮಕ್ಕಂಗೆ."

"ನಿಂಗೆಲ್ಲಿದಾಳೆ ಅಕ್ಕ?"

"ಕ್ಯೂನಲ್ಲಿ ಜಾಸ್ತಿ ಮಾತಾಡ್ಬಾರ್ದು, ಮ್ಯಾವಿಸ್."

ಅಷ್ಟೇ. ಕ್ಯೂ ಬಿಟ್ಟು ಹೋದರೆ ಗೊತ್ತಿಲ್ಲದೆ ನಿಂತಿದ್ದೆವೆಂದು ಒಪ್ಪಿಕೊಂಡಂತೆ. ಅದಕ್ಕಿಂತ ಮೀನು ವಾಸಿ. ಕಾರಣ ಅದಷ್ಟೇ ಇರಲಿಕ್ಕಿಲ್ಲ; ಮ್ಯಾವಿಸ್ ಮೆಲ್ಲಗೆ ಮುಂದೆ ಬಂದು, "ಗೋಡೆ ಒಂದ್ಸಲ ತಟ್ಟಿದ್ರೆ ಸಾಕಿತ್ತಲ್ಲೇ, ದಡ್ಡಿ," ಎಂದು ಗದರಿ, ಮತ್ತೆ ತನ್ನ ಮೂರನೆಯ ಜಾಗಕ್ಕೆ ಹೋಗಿ ನಿಂತಳು.

ಲೆನ್ ಏರು ಹತ್ತಿ ಬಂದವನು ಗಾಬರಿಯಿಂದ ಬ್ರೇಕ್ ಒತ್ತಿ ತಲೆ ಹೊರಹಾಕಿದ.

"ಯಾರ್ ಹೋಗ್ಬಿಟ್ರು?"

"ಹ್ಯಾಡಕ್ ಮೀನು ಇಲ್ಲ ಅಂದ್ರೆ ನೀನೇ ಹೋಗ್ತೀಯ. ಬಾ ಇಳಿ!" ಎಂದಳು ಮ್ಯಾವಿಸ್.

ಗಾಬರಿಯಲ್ಲಿ ಅವನು ಗಾಡಿಯನ್ನು ಹಿಂದುಮುಂದಾಗಿ ನಿಲ್ಲಿಸಿದ. ಮಾರುವ ಕಿಟಕಿ ಸಾಲಿನ ಬಾಲದ ಕಡೆ ಬಂತು. ಬೇರೆ ಊರಾಗಿದ್ದರೆ ಕೊನೆಯವರು ಮೊದಲಿಗರಾಗಿ ಕೈಕೈ ಮಿಲಾಯಿಸುತ್ತಿದ್ದರು. ಇಲ್ಲಿ ಹಾಗಲ್ಲ. ವಿನ್ನಿ ಕುಂಟುತ್ತಾ ಹೊರಟಳು. ಅವಳ ಹಿಂದೆ ಕ್ಲೈವ್, ಅವನ ಹಿಂದೆ ಮ್ಯಾವಿಸ್, ಹೀಗೆ ಇಡೀ ಓಣಿ, ನಾಯಿಗಳೂ ಸೇರಿ, ಕಣದಲ್ಲಿ ಸುತ್ತುವ ಎತ್ತುಗಳಂತೆ ಗಾಡಿಗೆ ಪ್ರದಕ್ಷಿಣೆ ಹಾಕಿ, ಒಬ್ಬರ ಜಾಗವೂ ಅದಲುಬದಲಾಗದೆ ಮತ್ತೆ ನಿಂತಿತು.

ಹ್ಯಾಡಕ್ ಹೋಯಿತು, ಚಪ್ಪಟೆ ಪ್ಲೇಸ್ ಮೀನು ಹೋಯಿತು, ಹೊಗೆ ಕುಡಿದ ಕಿಪ್ಪರುಗಳು ಹೋದವು. ಕ್ಲೈವ್ ಇಲ್ಲದ ಅಕ್ಕನಿಗೆ ಒಂದು ತುಂಡು ಕೊಂಡು, ಮೈಯಿಂದ ಮಾರು ದೂರ ಹಿಡಿದು ನಿಂತ. ರಾಸಾಳ ಹಿಂದೆಯೂ ಅಷ್ಟರಲ್ಲಿ ಜನ ಸೇರಿದ್ದರು; ಅವಳ ಕೈಗೆ ಹೊಗೆ ಹಾಕಿದ ಹಳದಿ ಹ್ಯಾಡಕ್ ಬಂತು.

"ಇದನ್ನೇನ್ ಮಾಡ್ಬೇಕು?" ಎಂದು ವಿನ್ನಿಯನ್ನು ಕೇಳಿದಳು.

"ಹಾಲಲ್ಲಿ ಬೇಯಿಸ್ಬೇಕು."

"ಮೀನನ್ನಾ? ಹಾಲಲ್ಲಾ?"

"ಹೂಂ ಕಣಮ್ಮ. ನಿಂತ್ಕೋ, ನಮ್ಮನೆಗೇ ಹೋಗೋಣ, ತೋರಿಸ್ತೀನಿ."

ಬಾಲದವರ ಸರದಿ ಬರುವಷ್ಟರಲ್ಲಿ ಗಾಡಿಯಲ್ಲಿ ಉಳಿದದ್ದು ಬರೀ ಮಂಜುಗಡ್ಡೆ. ಇಷ್ಟು ಹೊತ್ತು ನಿಂತು ಬರಿಗೈಯಲ್ಲಿ ಹೋಗುವುದೆಂದರೆ ಆ ಜನಕ್ಕೆ ಅಪಮಾನದಲ್ಲಿ ಅಪಮಾನ. ಒಬ್ಬೊಬ್ಬರಾಗಿ ಕಿಟಕಿಗೆ ಮುಖ ಚಾಚಿದರು.

"ನನ್ ಪಾಲು ಮುಂದಿನ ಬುಧವಾರಕ್ಕೆ ಎತ್ತಿಡಪ್ಪ."

"ನಂಗೆ ಎರಡು. ನಮ್ಮನೇಲಿ ಆರು ಜನ."

"ನಾನು ಮೊದ್ಲೇ ಹೇಳ್ಬಿಡ್ತೀನಿ, ಮುಂದಿನ ಸಲ ನಾನು ಎಂಟಕ್ಕೇ ಬರೋದು."

"ಮುಂದಿನ ಬುಧವಾರ ನಾನು..." ಎಂದು ತೊಡಗಿದ ಲೆನ್, ಸಾಲನ್ನು ನೋಡಿದ, ಖಾಲಿ ಪೆಟ್ಟಿಗೆಗಳನ್ನು ನೋಡಿದ, ಚೀಲ ಎದೆಗವಚಿಕೊಂಡು ನಿಂತ ವಿನ್ನಿಯನ್ನು ನೋಡಿದ. ಕೈ ಒರೆಸಿಕೊಂಡ.

"ಹತ್ತಕ್ಕೆ ಬರ್ತೀನಿ," ಎಂದ. "ದಮ್ಮಯ್ಯ, ಯಾವ ಕಡೆ ಮುಖ ಮಾಡಿ ನಿಲ್ತೀರಿ ಅಂತ ಈಗ್ಲೇ ಹೇಳ್ಬಿಡಿ."