ಪಕ್ಕದ ಮನೆಯ ತ್ರೀ ನಾಟ್ ತ್ರೀ

ಕೊಡಗಿನ ಗಂಡನನ್ನು ಕಟ್ಟಿಕೊಂಡವಳಿಗೆ ಬಂದೂಕು ಹೊಸದೇನಲ್ಲ. ಮದುವೆಯಾದ ವರ್ಷವೇ ಅತ್ತೆಮನೆಯ ದೇವರ ಮುಂದೆ ಗಂಧ, ಹೂವು ಇಟ್ಟ ಕೋವಿಗೆ ಕೈಮುಗಿದವಳು ನಾನು. ಅಲ್ಲಿಗೆ ಅದು ಸರಿ. ಆದರೆ ಮಲೇಷ್ಯಾದ ಪುಚೊಂಗ್‌ನ ನಮ್ಮ ಅಡುಗೆಮನೆಯಲ್ಲಿ, ದೋಸೆಹಿಟ್ಟಿನ ಪಾತ್ರೆಯ ಪಕ್ಕದಲ್ಲಿ, ಹಳೇ ಬೆಡ್‌ಶೀಟಿನೊಳಗೆ ಒಂದು ಮಿಲಿಟರಿ ರೈಫಲ್ಲು ಮಲಗಿದ್ದನ್ನು ಕಂಡಾಗ ಜೀವ ಬಾಯಿಗೆ ಬಂತು.

"ಏನ್ರೀ ಇದು?"

"ಪಕ್ಕದ್ಮನೆ ಅಕ್ಕಂದು. ತ್ರೀ ನಾಟ್ ತ್ರೀ ಕಣೇ! ಎಂಥಾ ಪೀಸು ನೋಡು," ಎಂದರು ನನ್ನ ಗಂಡ, ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ.

ಪಕ್ಕದ ಮನೆಯ ತಮಿಳು ಅಕ್ಕನಿಗೆ ಎಂಬತ್ತು ಹತ್ತಿರವಾಗಿದೆ. ಅಟ್ಟ ಖಾಲಿ ಮಾಡಿಸುವಾಗ ತೀರಿಹೋದ ಅಪ್ಪನ ಸಾಮಾನಿನ ಕಟ್ಟಿನಲ್ಲಿ ಇದು ಸಿಕ್ಕಿತಂತೆ. ಆ ಅಪ್ಪ ರಬ್ಬರ್ ಎಸ್ಟೇಟಿನ ಕಾವಲುಗಾರ. ಕಾಡಿನಲ್ಲಿ ಕಮ್ಯುನಿಸ್ಟ್ ಬಂಡುಕೋರರು ಓಡಾಡುತ್ತಿದ್ದ ಕಾಲದಲ್ಲಿ ಕೂಲಿಯವರ ಲೈನ್ ಮನೆಗಳ ಗೇಟಿನಲ್ಲಿ ಇದನ್ನು ಹಿಡಿದು ಕಾವಲು ನಿಂತವರು. ಅಕ್ಕ ಈ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಕಥೆಯೇನೋ ಚೆನ್ನಾಗಿದೆ. ಆದರೆ ಈ ದೇಶದಲ್ಲಿ ಲೈಸೆನ್ಸಿಲ್ಲದ ಬಂದೂಕು ಸಿಕ್ಕಿಬಿದ್ದರೆ ವಯಸ್ಸು ನೋಡಿ ಬಿಡುತ್ತಾರೆಯೇ? ಜೈಲು. ಗಂಡಸಾದರೆ ಬೆತ್ತದೇಟು ಬೇರೆ. ಈಗಲೇ ಪೊಲೀಸರಿಗೆ ಒಪ್ಪಿಸಿಬಿಡಿ ಎಂದು ಅಕ್ಕನ ಕೈಹಿಡಿದು ಬೇಡಿಕೊಂಡೆ.

"ಕೊಡ್ತೀನ್ ಲಾ," ಎಂದರು ಅಕ್ಕ, ತಮಿಳಿಗೂ ಕನ್ನಡಕ್ಕೂ ನಡುವೆ ಮಲಯ ಭಾಷೆಯ 'ಲಾ' ಬೆರೆಸಿದ ತಮ್ಮದೇ ಭಾಷೆಯಲ್ಲಿ. "ಆದ್ರೆ ಅಪ್ಪ ಎಂಥಾ ತುಪ್ಪಾಕಿ ಹಿಡ್ಕೊಂಡು ನಿಂತಿದ್ರು ಅಂತ ತಿಳಿದವರು ಯಾರಾದ್ರೂ ಒಂದು ಮಾತು ಹೇಳ್ಬೇಕು. ಆಮೇಲೆ ಕೊಡ್ತೀನಿ."

ತಿಳಿದವರು! ನನ್ನ ಗಂಡನಿಗೆ ಅಷ್ಟೇ ಸಾಕಾಯಿತು. ಆಫೀಸಿನ ಕೆಲಸ ಮೂಲೆಗೆ ಬಿತ್ತು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಭೂತಗನ್ನಡಿ. ಮರ ಯಾವುದು, ಕಬ್ಬಿಣ ಯಾವ ಕಾರ್ಖಾನೆಯದು ಎಂದು ಲ್ಯಾಪ್‌ಟಾಪಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಬಂದೂಕಿನ ಮೈಮೇಲಿನ ನಂಬರೂ ಬೋಲ್ಟಿನ ನಂಬರೂ ಒಂದೇ ಆಗಿದ್ದರೆ ಬೆಲೆ ಡಬಲ್ಲಂತೆ.

"ಯಾರಿಗ್ರೀ ಮಾರ್ತೀರಿ? ಮೂಲೆ ಮಮಕ್ ಹೋಟೆಲಿನವನಿಗಾ? ರೋಟಿ ಜೊತೆ ತಪಾವು ಅಂತ ಪಾರ್ಸೆಲ್ ಕಟ್ಟಿ ಕೊಡ್ತಾನಾ?"

"ಮಾರೋಕಲ್ಲ ಮಾರಾಯ್ತಿ, ತಿಳ್ಕೊಳ್ಳೋಕೆ."

ತಿಳಿದುಕೊಳ್ಳುವುದು ಮುಗಿಯಲೇ ಇಲ್ಲ. ಪಾರ್ಸೆಲ್ಲಿನವನು ಬೆಲ್ ಒತ್ತಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅಕ್ಕನಿಗೆ ಕೈಕೋಳ ಹಾಕಿ ಕರೆದೊಯ್ದಂತೆ, ಹಿಂದೆಯೇ ಇವರೂ ಭೂತಗನ್ನಡಿ ಹಿಡಿದು ಹೋದಂತೆ ಕಣ್ಣಮುಂದೆ ಬರುತ್ತಿತ್ತು. ಕೊನೆಗೆ ರೇಗಿ, ಬೆಳಿಗ್ಗೆ ನಾನೇ ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದೆ. ಇವರು ತಲೆಯಾಡಿಸಿ ಒಪ್ಪಿದರು. ನಂಬಿದ್ದೇ ತಪ್ಪಾಯಿತು; ಬೆಳಗಾಗುತ್ತಲೇ ಹೊಸ ರಾಗ ತೆಗೆದರು.

"ಕೋವೀನ ಹಾಗೇ ಕಳಿಸ್ಬಾರ್ದು ಕಣೇ. ಗಂಧ ಹಚ್ಚಿ ಕಳಿಸೋಣ."

"ಪೊಲೀಸರ ಜೀಪು ಹತ್ತೋ ಬಂದೂಕಿಗೆ ಪೂಜೆನಾ? ತಲೆಗಿಲೆ ಕೆಟ್ಟಿದ್ಯಾ ನಿಮ್ಗೆ?"

ಅಷ್ಟರಲ್ಲಿ ಅಕ್ಕನೇ ಮಲ್ಲಿಗೆ ಮಾಲೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇನ್ನು ಯಾರಿಗೆ ಬುದ್ಧಿ ಹೇಳಲಿ? ಗೊಣಗುತ್ತ ಗಂಧ ತೇದೆ. ಹಣೆಗೆ ಬೊಟ್ಟಿಡುವ ಹಾಗೆ ಇಟ್ಟು ಬಿಡಬಾರದೇ? ಇವರು ಕಬ್ಬಿಣದ ಉದ್ದಕ್ಕೂ ಧಾರಾಳವಾಗಿ ಬಳಿದರು. ಜಾಸ್ತಿಯಾಯಿತೆಂದು ಬಟ್ಟೆಯಲ್ಲಿ ಒರೆಸಿದರು. ಒರೆಸಿದ ಕಡೆ, ಇಷ್ಟು ದಿನ ಟಾರ್ಚಿಗೂ ಕಾಣದಿದ್ದ ಸವೆದ ಗೀರುಗಳಲ್ಲಿ ಗಂಧ ತುಂಬಿಕೊಂಡು ಎರಡು ಇಂಗ್ಲಿಷ್ ಅಕ್ಷರ ಬೆಳ್ಳಗೆ ಎದ್ದವು: ಡಿ, ಪಿ.

ಇವರ ಮುಖ ಇಳಿದುಹೋಯಿತು. ಉಗುರಿನಿಂದ ನಳಿಗೆಯ ಬುಡ ಕೆರೆದರು. ಕಪ್ಪು ಮೇಣ ಉದುರಿ ಕಿರುಬೆರಳಿನಷ್ಟು ತೂತು ಕಂಡಿತು. ಒದ್ದೆಬಟ್ಟೆಯಲ್ಲಿ ಮರವನ್ನು ಉಜ್ಜಿದರು. ಕಂದು ಬಣ್ಣ ಬಿಟ್ಟುಕೊಂಡು ಅಡಿಯಿಂದ ಬಿಳಿ ಪಟ್ಟೆ ಬಂತು.

"ಏನು? ಹೇಳು ತಂಬಿ," ಎಂದರು ಅಕ್ಕ.

ಇವರು ನೆಲ ನೋಡುತ್ತ ಹೇಳಿದರು. ಡಿ ಪಿ ಅಂದ್ರೆ ಡ್ರಿಲ್ ಪರ್ಪಸ್, ಡ್ರಿಲ್ ಕಲಿಸೋಕೆ ಇಟ್ಕೊಳ್ಳೋ ಬಂದೂಕು ಅಕ್ಕಾ. ಗುಂಡು ಹಾರದಿರಲಿ ಅಂತ ತೂತು ಕೊರೆದಿರ್ತಾರೆ, ದೂರದಿಂದ್ಲೇ ಗೊತ್ತಾಗ್ಲಿ ಅಂತ ಬಿಳಿ ಪಟ್ಟೆ ಬಳಿದಿರ್ತಾರೆ. ಬೆಲೆ ಏನೂ ಇಲ್ಲ.

ಅಕ್ಕನ ಎದುರೇ ಇವರ ತಲೆಗೊಂದು ಮೊಟಕಬೇಕೆನಿಸಿತು. ಬೇಕಿತ್ತಾ ಈ ಸಂಶೋಧನೆ? ಜೀವಮಾನವಿಡೀ ಹೆಮ್ಮೆಪಟ್ಟುಕೊಂಡು ಬಂದ ಮುದುಕಿಗೆ ಕೊನೆಗಾಲದಲ್ಲಿ ಇದನ್ನು ಹೇಳಬೇಕಿತ್ತಾ?

ಅಕ್ಕ ಮರವನ್ನು ಸವರಿ, ಬೆರಳಿಗೆ ಅಂಟಿದ ಕಂದು ಬಣ್ಣವನ್ನು ಮೂಸಿದರು.

"ಶೂ ಪಾಲಿಶ್. ಪ್ರತಿ ಶನಿವಾರ ಅಪ್ಪನೇ ಹಚ್ಚೋರು. ನಮ್ಮನ್ನ ಮುಟ್ಟೋಕೇ ಬಿಡ್ತಿರ್ಲಿಲ್ಲ." ಬಿಳಿ ಪಟ್ಟೆಯ ಮೇಲೆ ಬೆರಳಿಟ್ಟರು. "ಹಾಗಾದ್ರೆ ಅಪ್ಪಂಗೆ ಗೊತ್ತಿತ್ತು."

ಅಕ್ಕ ಮಲ್ಲಿಗೆಯನ್ನು ನಳಿಗೆಗೆ ಸುತ್ತಿ, ಫೋನ್ ಮಾಡು ಎಂದು ನನಗೆ ಸನ್ನೆ ಮಾಡಿದರು.

ಬಂದ ಪೊಲೀಸ್ ಅಧಿಕಾರಿ ಚಿಕ್ಕ ವಯಸ್ಸಿನವನು. ಗಂಧವನ್ನೊಮ್ಮೆ, ಹೂವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದ. ಸಿಕ್ಕಿದ ಬಗೆಯನ್ನೆಲ್ಲ ಕೇಳಿ ಬರೆದುಕೊಂಡ ಮೇಲೆ, ಇದು ಕೆಲಸ ಮಾಡುತ್ತದಾ ಎಂದು ಮಲಯ ಭಾಷೆಯಲ್ಲಿ ಕೇಳಿದ.

ಪಾಠ ಶುರುಮಾಡಲು ನನ್ನ ಗಂಡ ಬಾಯಿ ತೆರೆದರು. ಅಕ್ಕ ಕೈಯೆತ್ತಿ ತಡೆದರು.

"ಕೆಲಸ ಮಾಡಿದೆ ಲಾ," ಎಂದರು. "ಆ ಲೈನಿನ ಮಕ್ಕಳು ನಾವೆಲ್ಲ ಬದುಕಿ ಮುದುಕರಾದ್ವಲ್ಲ."