ಗೊಂಬಿ ಮನಿಯ ಡಬ್ಬಿಗಳು

ಈ ವರ್ಷ ನನಗ ಎರಡು ಸಂತೋಷ ಒಮ್ಮೆಲೆ ಬಂದಾವು. ಸುರಪುರದಾಗ ಮಗಳಿಗೆ ಗಂಡು ಕೂಸು ಹುಟ್ಟ್ಯಾದ. ಇಲ್ಲಿ ಶಹಾಪುರದಾಗ ಮಗನ ಮಗಳು, ಒಂಬತ್ತನೇತ್ತ ಓದಾಕಿ, ರಟ್ಟು, ಐಸ್‌ಕ್ರೀಮ್ ಕಡ್ಡಿ ಹಚ್ಚಿ ಮೊಳದುದ್ದದ ಗೊಂಬಿ ಮನಿ ಕಟ್ಟ್ಯಾಳ. ಹುಣಸಿ ಬೀಜದಷ್ಟು ಒಳ್ಳು, ಉಗುರಿನಷ್ಟು ರೊಟ್ಟಿ. ರೊಟ್ಟಿ ಮ್ಯಾಲ ಎಳ್ಳು ದಪ್ಪ ಕಾಣ್ತಾವಂತ ಗಸಗಸಿ ಹಚ್ಚ್ಯಾಳ. ಬಂದವ್ರ ಕೈ ಹಿಡಿದು ಕರ್ಕೊಂಡು ಹೋಗಿ ತೋರಸ್ತೀನಿ. ತೋರಸೂವಾಗ ಒಂದು ಮಾತು ಮಾತ್ರ ನುಂಗತೀನಿ.

ಅದು ಬೋನಾಳದಾಗಿನ ನನ್ನ ತವರಿನ ಅಡಗಿ ಮನಿ. ಸೂಟಿಯೊಳಗ ದಿನಾ ನನ್ನ ಮಗ್ಗಲಕ ಕುಂತು ಕೇಳ್ತಿದ್ಲು, "ಆಯಿ, ನಿಮ್ಮವ್ವ ಒಲಿ ಮುಂದ ಯಾವ ಕಡಿ ಮಾರಿ ಮಾಡಿ ಕೂಡ್ತಿದ್ಲು? ಕೊಡ ಎಲ್ಲಿ ಇಡ್ತಿದ್ಲು?" ನಾ ಹೇಳಿದ್ದೆಲ್ಲ ಮಣ್ಣಿನಾಗ ಮಾಡ್ತಿದ್ಲು. ಮಾಡಿದ್ದನ್ನ ಇಡಾಕ ಮಾತ್ರ ಬರ್ತಿರಲಿಲ್ಲ, ಹಾಸಿಗಿ ತುಂಬ ಮಣಿ, ಕಡ್ಡಿ. ಗುಳಿಗಿ ಖಾಲಿಯಾದ ಹಾಳಿಯ ಕುಣಿಯೊಳಗ ಒಂದೊಂದು ಮಣಿ ಇಡೂದು, ಹಳೇ ಮಸಾಲಿ ಡಬ್ಬ್ಯಾಗ ಕಾಳು ಇಡೂದು, ಎಲ್ಲಾ ನಾನ ಕಲಿಸಿದೆ. ಆಕಿ ನನಗಿಂತ ಮುಂದ ಹೋದ್ಲು. ಬಿಸ್ಕೀಟ್ ಡಬ್ಬಿ ತಂದು, ಅಡಗಿ ಮನಿಯ ಒಂದೊಂದು ಜಾಗಾಕ್ಕ ಒಂದೊಂದು ಡಬ್ಬಿ ಮಾಡಿ, ಮ್ಯಾಲ ಇಂಗ್ಲೀಷಿನಾಗ ಚೀಟಿ ಅಂಟಿಸಿದ್ಲು.

"ಏನ ಬರದೀಯ?"

"ಒಲಿ ಸಾಮಾನ, ಆಯಿ. ನಿನಗ ಓದಾಕ ಬರಂಗಿಲ್ಲ, ಮುಟ್ಟಬ್ಯಾಡ."

"ನಾಕನೇತ್ತ ಕಲ್ತೀನಿ. ಇಂಗ್ಲೀಷ ಬಂದಿದ್ರ ನಿಮ್ಮಪ್ಪನ್ನ ಯಾಕ ಹಡೀತಿದ್ದೆ, ಕಲೆಕ್ಟರ್ ಆಗ್ತಿದ್ದೆ."

ಮಹಾನವಮಿಗೆ ಮನಿ ಬಳ್ಯೂವಾಗ ಆಕಿ ಸಾಲಿಗೆ ಹೋಗಿದ್ಲು. ಡಬ್ಬಿ ಇಳಿಸಿ ತಗದು ನೋಡಿದೆ. ಒಂದೇ ಡಬ್ಬ್ಯಾಗ ಕಟಗಿ, ಸಾಸಿವಿ, ಗಡಗಿ, ಅರಿವಿ. ಬ್ಯಾಳಿ ಡಬ್ಬ್ಯಾಗ ಯಾರರೆ ಉಪ್ಪು ಇಡ್ತಾರೇನು ಅಂತ ನಾನ ನಕ್ಕು, ಕಟಗೀಗೆ ಕಟಗಿ, ಕಾಳಿಗೆ ಕಾಳು ಕೂಡಿಸಿ ಹಸನ ಮಾಡಿಟ್ಟೆ. ಒಲಿ ಡಬ್ಬ್ಯಾಗ ಕಾಗದದಾಗ ಸುತ್ತಿದ ಗೇಣುದ್ದ ಅರಿವಿ ಇತ್ತು, ಬಣ್ಣ ಹೋಗಿದ್ದು. ನಮ್ಮ ಮನ್ಯಾಗ ಚೂರು ಅರಿವಿ ಸಿಕ್ರ ಕೌದಿ ಗಂಟಿಗೆ ಹೋಗ್ತಾದ, ಯಾರನ್ನೂ ಕೇಳಾಂಗಿಲ್ಲ. ಸುರಪುರದ ಕೂಸಿಗೆ ಕೌದಿ ಹೊಲಿಯಾಕತ್ತಿದ್ದೆ. ಅರಿವಿ ಬೆರಳಿನಾಗ ತಿಕ್ಕಿ ನೋಡಿದೆ. ಮೆತ್ತಗದ, ಕೂಸಿಗೆ ಚಲೋ ಅಂದು ನಡುವಿನ ಪದರಿನಾಗ ಹಾಕಿದೆ. ಕಡೀ ಮೂಲ್ಯಾಗ ಹೋಳಿಗಿ ಚೂರು ಇಟ್ಟು ಕೌದಿ ಹೊಟ್ಟಿ ತುಂಬಿಸಿ, ಬಾಯಿ ಹೊಲದೆ. ಹೊಟ್ಟಿ ತುಂಬಿಸಿದ ಕೌದಿ ಬಿಚ್ಚೂದಂದ್ರ ಕೂಸಿನ ಬಾಯಾಗಿನ ತುತ್ತು ಕಸಗೊಂಡಂಗ ಅಂತಾರ ನಮ್ಮ ಕಡಿ.

ಸಂಜಿ ಮೊಮ್ಮಗಳು ಬಂದು ಡಬ್ಬಿ ತಗದ್ಲು. "ಆಯಿ, ಒಲಿ ಡಬ್ಬ್ಯಾಗಿನ ಅರಿವಿ ಎಲ್ಲಿ?"

"ಆ ಹಳೇದೇನು? ಕೌದ್ಯಾಗ ಹಾಕೀನಿ."

ಆಕಿ ಡಬ್ಬಿ ಹಿಡ್ಕೊಂಡು ನೆಲಕ್ಕ ಕುಂತ್ಲು. "ಅದು ನಿಮ್ಮವ್ವನ ಸೀರಿ, ಆಯಿ."

ಬೋನಾಳಕ್ಕ ಹೋದಾಗ ನನ್ನ ತಮ್ಮನ ಕಡಿಂದ ಬೇಡಿ ತಂದಿದ್ಲಂತ. ಟ್ರಂಕಿನ ತಳಕ್ಕ ಉಳಿದ ಒಂದ ತುಂಡು. ನಮ್ಮವ್ವ ಅಂತ ಒಲಿ ಮುಂದ ಕೂಡಿಸೂ ಮಣ್ಣಿನ ಹೆಣಮಗಳಿಗೆ ಉಡಿಸಿ, ಹಬ್ಬದ ದಿನ ನನಗ ತೋರಸೂದಿತ್ತು. ಅವ್ವ ಹೋದಾಗ ನಾ ಆಕೀದೊಂದೂ ತಂದಿರಲಿಲ್ಲ, ಅದನ್ನೂ ನಾನ ಆಕಿಗೆ ಹೇಳಿದ್ದೆ.

ಸಣ್ಣಾಕಿದ್ದಾಗ ಆ ಸೆರಗಿನಾಗ ಮಾರಿ ಇಟ್ಟು ಮಲಗಿದಾಕಿ ನಾನು. ಕೈಯಾಗ ಹಿಡಿದು ತಿಕ್ಕಿದ್ರೂ ಗುರ್ತು ಹತ್ತಲಿಲ್ಲ. ಚೀಟಿ ಓದಾಕ ಬರಲಿಲ್ಲ ಅಂತ ಬಾಯಿಲೆ ಹೇಳಬಹುದು. ಸೀರಿ ಓದಾಕ ಯಾವ ಸಾಲಿ ಬೇಕಿತ್ತು?

ನಾ ಕತ್ತರಿ ತಂದೆ. ಆಕಿ ಕೈ ಹಿಡಿದ್ಲು. "ಬಿಡಾಯಿ. ಹೊಟ್ಟಿ ತುಂಬಿದ್ದು ಬಿಚ್ಚಬಾರದಂತ ನೀನ ಹೇಳೀದಿ. ಕೂಸಿನ ಕೆಳಗ ಇರ್ಲಿ." ಹಂಗಂದಾಕಿ ಎರಡು ದಿನ ನನ್ನ ಕೂಡ ಮಾತಾಡ್ಲಿಲ್ಲ. ಡಬ್ಬ್ಯಾಗ ನಾ ಕಲಸಿಟ್ಟಿದ್ದನ್ನ ಮತ್ತ ಬ್ಯಾರೆ ಮಾಡಾಕ ಎಂಟು ದಿನ ಹಿಡೀತು. ನಾ ಕಡ್ಡಿ, ಮಣಿ ಹುಡುಕಿ ಹುಡುಕಿ ಕೊಟ್ಟೆ. ಚೀಟಿ ಈಗ ಕನ್ನಡದಾಗ ಅದಾವು, ಕುಂಬಳಕಾಯಿಯಷ್ಟು ಅಕ್ಷರ.

ತೊಟ್ಟಿಲಕ್ಕ ಸುರಪುರಕ್ಕ ಹೋದ್ವಿ. ಕೂಸು ಕೌದಿ ಮ್ಯಾಲ ಕೈ ಮುಷ್ಟಿ ಮಾಡಿ ಮಲಗಿತ್ತು. ಕೌದಿ ಮ್ಯಾಲ ಕೈ ಆಡಿಸಿ ಆಡಿಸಿ ನೋಡಿದೆ, ಯಾವ ಪದರಿನಾಗ ಅದ ಅಂತ ತಿಳೀಲಿಲ್ಲ. "ಸಾಕವ್ವ, ಕೌದಿ ನೆಟ್ಟಗ ಅದ," ಅಂದ್ಲು ಮಗಳು.

ಇಲ್ಲಿ ಮನ್ಯಾಗ ಮಣ್ಣಿನ ಹೆಣಮಗಳು ಕಾಗದ ಸುತ್ಕೊಂಡ ಕುಂತಿದ್ಲು. ಊರಿಗೆ ಬಂದ ಮ್ಯಾಲ ಮೊಮ್ಮಗಳು, "ನಿನ್ನ ಸೀರಿ ಒಂದು ಚೂರು ಕೊಡಾಯಿ," ಅಂದ್ಲು. ಉಟ್ಟ ಸೀರಿಯ ಒಳಸೆರಗು ಕತ್ತರಿಸಿ ಕೊಟ್ಟೆ.

ಮೊನ್ನಿ ಮಗ್ಗಲ ಮನ್ಯಾಕಿ ನೋಡಾಕ ಬಂದಿದ್ಲು. "ಒಲಿ ಮುಂದ ಕುಂತಾಕಿ ಯಾರವ್ವ?" ಅಂದ್ಲು.

"ನಮ್ಮ ಆಯಿ," ಅಂದ್ಲು ಮೊಮ್ಮಗಳು, ಹೆಮ್ಮಿಲೆ.

ನಮ್ಮವ್ವ ಅನ್ನೂ ಮಾತು ನುಂಗಿದೆ. ರೊಟ್ಟಿ ಮ್ಯಾಲಿನ ಗಸಗಸಿ ತೋರಿಸಿದೆ.