ಬಾಂದುಕಲ್ಲಿನ ಅಡಿಯ ಇದ್ದಿಲು

ಬೆಳಗಿನ ಜಾವ ಮೂರಕ್ಕೆ ಜೆಸಿಬಿ ಸದ್ದಿಗೆ ಎಚ್ಚರವಾಯಿತು. ಮಗುವನ್ನೆತ್ತಿಕೊಂಡು ತವರುಮನೆಯ ಹಿತ್ತಿಲಿಗೆ ಓಡಿದೆ. ಬಾಲ್ಯದ ಗೆಳತಿ ಮಾದೇವಿಯ ಅಣ್ಣ ನಮ್ಮ ಹೊಲಕ್ಕೂ ಅವರ ಹೊಲಕ್ಕೂ ನಡುವಿನ ಬಾಂದುಕಲ್ಲು ಕಿತ್ತು, ಬದುವನ್ನು ನಮ್ಮ ಕಡೆಗೆ ಸರಿಸುತ್ತಿದ್ದ. ಅಗೆದ ಮಣ್ಣಿನ ವಾಸನೆಗೆ ಆ ಕಲ್ಲು ನೆಟ್ಟ ದಿನ ನೆನಪಾಯಿತು.

ನಾನೂ ಮಾದೇವಿಯೂ ಲಂಗದ ತುಂಬ ಒಲೆಯ ಇದ್ದಿಲು ತಂದು ಗುಂಡಿಗೆ ಸುರಿದಿದ್ದೆವು.

"ಕಲ್ಲ ಕೀಳ್ಬೌದು, ಇದ್ಲು ಕೊಳ್ಯಕ್ಕಿಲ್ಲ. ಎಲ್ಲದೆ ಅಂತ ಇಬ್ರೂ ನೆಪ್ಪಲ್ಲಿ ಮಡಿಕಳಿ ಕಣ್ರವ್ವಾ" ಅಂದಿದ್ದರು ನನ್ನ ತಾತ.

"ಎಣ್ಮಕ್ಕಳ ಸಾಕ್ಸಿ ಮಾಡ್ಕಂಡ್ಯಲ್ಲ ಮಾವ! ನಾಳೆ ಮದ್ವೆಯಾಗಿ ಓಯ್ತವೆ" ಎಂದು ಮಾದೇವಿಯ ಅಪ್ಪ ನಕ್ಕರು.

"ಕರುದ್ರೆ ಬತ್ತವೆ ಬುಡು" ಅಂದರು ತಾತ.

ಬೆಳಿಗ್ಗೆ ಸರ್ವೆಯವರು ಬರುತ್ತಾರೆ. ಇದ್ದಿಲು ಇಲ್ಲಿದೆ ಎಂದರೆ ನನ್ನೊಬ್ಬಳ ಮಾತು ನಡೆಯುವುದಿಲ್ಲ. ಮಾದೇವಿ, ನಿನ್ನ ಹೊಸ ನಂಬರ್ ನನ್ನಲ್ಲಿಲ್ಲ, ನನ್ನದು ಹಳೆಯದೇ. ದಮ್ಮಯ್ಯ, ಬೆಳಗಾಗುವ ಮೊದಲು ಒಂದು ಫೋನ್ ಮಾಡೇ.